ಅವ್ವ ಹಾಡಿಕೊಂಡು ಅತ್ತರೆ ನಂಬಿಕೆ ಕಡಿಮೆ ಅಂತಾನಾ? ಸಾವು, ಪುನರುತ್ಥಾನದ ಬಗ್ಗೆ ತಿಳಿದವರು ಹೇಳಿ

ಕೇಶ್ವಾಪುರದ ಮಗಳು

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಅಪ್ಪ ತೀರಿಕೊಂಡರು. ನಾವು ಹುಬ್ಬಳ್ಳಿಯವರು, ಪ್ರೊಟೆಸ್ಟೆಂಟ್ ಕುಟುಂಬ. ಅವ್ವ ಹಾವೇರಿ ಕಡೆ ಹಳ್ಳಿಯಲ್ಲಿ ಬೆಳೆದವಳು. ಆ ಕಡೆ ಹೆಣ್ಣುಮಕ್ಕಳು ಹೆಣದ ಮುಂದೆ ಕೂತು ಹಾಡಿಕೊಂಡು ಅಳುತ್ತಾರಲ್ಲ, ಅವಳೂ ಹಾಗೇ ಅತ್ತಳು. ಅಪ್ಪ ಮೊದಲ ಪಗಾರದಲ್ಲಿ ತಂದ ಸೀರೆ, ಅವರ ಹಳೇ ಸೈಕಲ್, ದಿನಾ ರಾತ್ರಿ ಎರಡನೇ ಸಲ ಚಹಾ ಕೇಳುತ್ತಿದ್ದದ್ದು, ಎಲ್ಲಾ ಆ ಹಾಡಿನಲ್ಲಿ ಬಂತು.

ಅಷ್ಟರಲ್ಲಿ ಹಿರಿಯರೊಬ್ಬರು ಎದ್ದು ಬಂದು, "ಸಾಕು ಮಾಡಮ್ಮಾ, ದೇವರ ಮಕ್ಕಳು ಹೀಗೆ ಅಳಬಾರದು, ಓಣಿಯವರೆಲ್ಲಾ ನೋಡುತ್ತಿದ್ದಾರೆ" ಅಂದುಬಿಟ್ಟರು. ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಅವತ್ತಿನಿಂದ ಒಂದು ಹನಿ ಕಣ್ಣೀರಿಲ್ಲ. ಊಟವೂ ಸರಿಯಾಗಿ ಸೇರುತ್ತಿಲ್ಲ.

ಇದರ ಮೇಲೆ ಬೆಂಗಳೂರಿನಲ್ಲಿರುವ ಅಣ್ಣ ಇನ್ನೊಂದು ತೆಗೆದಿದ್ದಾನೆ. ಸ್ಮಶಾನದಲ್ಲಿ ಜಾಗ ಇಲ್ಲ, ಅಪ್ಪನನ್ನು ಅಜ್ಜನ ಗೋರಿ ತೆಗೆಸಿ ಅದರಲ್ಲೇ ಇಡಬೇಕಾಯಿತು, ಮುಂದೆ ನಮ್ಮನ್ನೆಲ್ಲಾ ಸುಟ್ಟರೇ ಒಳ್ಳೆಯದು ಅನ್ನುತ್ತಾನೆ. ಅವ್ವ ಹೆದರಿಕೊಂಡಿದ್ದಾಳೆ. ಸತ್ತವರು ಕಡೇ ದಿನ ದೇಹದೊಂದಿಗೆ ಮತ್ತೆ ಏಳುತ್ತಾರೆ ಅನ್ನುವ ಪುನರುತ್ಥಾನದ ನಂಬಿಕೆ ನಮ್ಮದಲ್ಲ, "ಸುಟ್ಟರೆ ಕಡೇ ದಿನ ಹೇಗೆ ಏಳೋದು?" ಅಂತ ನನ್ನನ್ನು ಕೇಳುತ್ತಾಳೆ. ಅಪ್ಪ ಈಗ ಎಲ್ಲಿದ್ದಾರೆ ಅಂತಲೂ ಕೇಳುತ್ತಾಳೆ. ಅದನ್ನು ನಾನೂ ಕೇಳಿಕೊಳ್ಳುತ್ತಿದ್ದೇನೆ. ಚಿಕ್ಕಂದಿನಿಂದ ಈಸ್ಟರ್‌ಗೆ ಹೋಗಿದ್ದೇನೆ, ಹಾಡಿದ್ದೇನೆ. ಮನೆಯಲ್ಲೇ ಸಾವಾದಾಗ ಒಂದು ಉತ್ತರವೂ ಬಾಯಿಗೆ ಬರಲಿಲ್ಲ.

ದಯವಿಟ್ಟು ವಚನಗಳ ಪಟ್ಟಿ ಮಾತ್ರ ಕಳಿಸಬೇಡಿ. ವಾಟ್ಸಾಪ್‌ನಲ್ಲಿ ಅದು ಸಾಕಷ್ಟು ಬಂದಿದೆ.

ಬೆಟಗೇರಿ ಮಾಸ್ತರ

ತಂಗೀ, ಮೊದಲು ಅಳುವ ವಿಷಯ ಮುಗಿಸೋಣ, ಅದು ಅವಸರದ್ದು. ಅವ್ವನಿಗೆ ಹೇಳಿ, ಅವರು ಮಾಡಿದ್ದು ಬೈಬಲ್ಲಿನಲ್ಲೇ ಇದೆ. ರಾಜ ಸೌಲ, ಅವನ ಮಗ ಯೋನಾತಾನ ಸತ್ತಾಗ ದಾವೀದ ಏನು ಮಾಡಿದ? ಹಾಡಿಕೊಂಡು ಅತ್ತ. 2 ಸಮುವೇಲ 1ನೇ ಅಧ್ಯಾಯ ತೆಗೆದು ನೋಡಿ. ಅವರಿಬ್ಬರ ಬಿಲ್ಲು, ಕತ್ತಿ, ಓಟ, ಸ್ನೇಹ ಎಲ್ಲಾ ಒಂದೊಂದಾಗಿ ಹೆಸರು ಹಿಡಿದು ಅಳುತ್ತಾನೆ. ನಿಮ್ಮ ಅವ್ವ ಸೈಕಲ್ಲು, ಸೀರೆ ಅಂದ ಹಾಗೇ. ಅಷ್ಟೇ ಅಲ್ಲ, ಆ ಹಾಡನ್ನು ಯೆಹೂದದ ಜನರಿಗೆಲ್ಲಾ ಕಲಿಸಿ ಅಂತ ಅಪ್ಪಣೆ ಮಾಡುತ್ತಾನೆ. ಸಾಕು ಮಾಡಪ್ಪಾ ಅಂತ ಅವನಿಗೆ ಯಾರೂ ಹೇಳಲಿಲ್ಲ.

ಇನ್ನು ಯೋಹಾನ 11. ಯೇಸುವಿನ ಗೆಳೆಯ ಲಾಜರ ಸತ್ತು ನಾಲ್ಕು ದಿನ ಆಗಿದೆ. ಯೇಸುವಿಗೆ ತಾನು ಇನ್ನು ಸ್ವಲ್ಪ ಹೊತ್ತಿಗೆ ಅವನನ್ನು ಎಬ್ಬಿಸುತ್ತೇನೆ ಅಂತ ಗೊತ್ತಿದೆ. ಆದರೂ "ಯೇಸು ಕಣ್ಣೀರು ಬಿಟ್ಟನು" ಅಂತ ಬರೆದಿದೆ. ಎಬ್ಬಿಸುವವನೇ ಅತ್ತ ಮೇಲೆ ನಾವು ಯಾವ ಲೆಕ್ಕ ಹೇಳಿ. "ನಿರೀಕ್ಷೆಯಿಲ್ಲದವರ ಹಾಗೆ ದುಃಖಿಸಬೇಡಿ" ಅಂತ ಮೊದಲ ಸಭೆಗಳಿಗೆ ಪತ್ರ ಬರೆದ ಪೌಲನ ಮಾತನ್ನು ಹಿಡಿದುಕೊಂಡು ಜನ ಹೀಗೆಲ್ಲಾ ಬಾಯಿ ಮುಚ್ಚಿಸುತ್ತಾರೆ. ಅವನು ದುಃಖಿಸಲೇಬೇಡಿ ಅಂದಿಲ್ಲ. ಅಷ್ಟು ಓದಲಿಕ್ಕೆ ಬಾರದವರು ಹಿರಿಯರಾಗಿದ್ದಾರೆ, ಇರಲಿ.

ನಮ್ಮ ಪ್ರೊಟೆಸ್ಟೆಂಟ್ ದಾರಿ ಶುರು ಮಾಡಿದ ಲೂಥರ್ ಅಂತ ದಿನಾ ಹೆಸರು ಹೇಳುತ್ತೇವಲ್ಲ, 1542ರಲ್ಲಿ ಅವನ ಮಗಳು ಮಗ್ದಲೇನಾ 13 ವರ್ಷಕ್ಕೆ ತೀರಿಹೋದಳು. ಅಪ್ಪನ ತೋಳಿನಲ್ಲೇ ಜೀವ ಹೋಯಿತು. ಅವಳು ಏಳುತ್ತಾಳೆ ಅಂತ ಅವನಿಗೆ ಸಂಶಯ ಇರಲಿಲ್ಲ, ಆದರೂ ಬಿಕ್ಕಿಬಿಕ್ಕಿ ಅತ್ತ.

ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ನಮ್ಮ ಬೆಟಗೇರಿಗೆ 1841ರಲ್ಲಿ. ಅಷ್ಟು ತಲೆಮಾರುಗಳಿಂದ ಪುನರುತ್ಥಾನ ನಂಬಿದ್ದೇವೆ. ಅಷ್ಟೂ ವರ್ಷ ನಮ್ಮ ಅಜ್ಜಿ, ಮುತ್ತಜ್ಜಿಯರು ಊರಿನ ಉಳಿದ ಹೆಣ್ಣುಮಕ್ಕಳ ಹಾಗೇ ಹಾಡಿಕೊಂಡು ಅತ್ತಿದ್ದಾರೆ. ಅದರಿಂದ ಯಾರ ನಂಬಿಕೆಯೂ ಕರಗಿಲ್ಲ.

ಸಾಕ್ಷಿ ಹುಡುಗ

ಅಕ್ಕಾ, ನಿಮ್ಮ ದುಃಖದಲ್ಲಿ ನಾನೂ ಇದ್ದೇನೆ. ಆದರೆ ಮಾಸ್ತರ್ ಆ ಹಿರಿಯರನ್ನು ಒಂದೇ ಏಟಿಗೆ ಕೆಳಗೆ ಹಾಕಿದ್ದು ಸರಿ ಅನಿಸಲಿಲ್ಲ. ನಮ್ಮ ಸಭೆಯಲ್ಲಿ (ಪೆಂತೆಕೊಸ್ತ್ ಚರ್ಚ್) ಸಾವಿನ ಮನೆಯಲ್ಲಿ ಚಪ್ಪಾಳೆ ಹೊಡೆದು ಹಾಡುತ್ತೇವೆ. ಅದು ನಾಟಕ ಅಲ್ಲ. ನಮ್ಮ ತಾಯಿ ತೀರಿಕೊಂಡಾಗ ಆ ಹಾಡುಗಳೇ ನನ್ನನ್ನು ನಿಲ್ಲಿಸಿದವು. ಪೌಲ ಮರಣಕ್ಕೇ ಎದುರು ನಿಂತು ನಿನ್ನ ಜಯ ಎಲ್ಲಿ ಅಂತ ಕೇಳುತ್ತಾನೆ. ಒಬ್ಬರಾದರೂ ಹಾಗೆ ಗಟ್ಟಿಯಾಗಿ ಕೇಳಬೇಕಲ್ವಾ? ಎಲ್ಲರೂ ಅಳುತ್ತಾ ಕೂತರೆ ಭಾನುವಾರ ಭಾನುವಾರ ನಂಬುತ್ತೇವೆ ಅಂದದ್ದಕ್ಕೆ ಏನು ಬೆಲೆ?

ನೈಟ್ ಡ್ಯೂಟಿ ಸಿಸ್ಟರ್

ತಮ್ಮಾ, ಚಪ್ಪಾಳೆ ಹೊಡಿ, ಯಾರು ಬೇಡ ಅಂದರು. ನಿನಗೆ ಆಸರೆ ಆಗಿದೆ, ಸಂತೋಷ. ಬೇರೆಯವರ ಬಾಯಿ ಮುಚ್ಚಿಸಬೇಡ ಅಂತ ಅಷ್ಟೇ ಮಾತು.

ನಾನು ಬಹಳ ವರ್ಷದಿಂದ ದವಾಖಾನೆಯಲ್ಲಿ ಇದ್ದೇನೆ, ಕ್ಯಾನ್ಸರ್ ವಾರ್ಡಿನಲ್ಲೂ ಮಾಡಿದ್ದೇನೆ. ಒಂದು ವಿಷಯ ಹೇಳಲೇಬೇಕು. ನಮ್ಮ ಕ್ರೈಸ್ತ ಕುಟುಂಬಗಳಲ್ಲಿ ಎಷ್ಟೋ ಸಲ ಪೇಷಂಟ್‌ಗೆ ಇನ್ನು ನಾಲ್ಕೈದು ದಿನ ಅಂತ ಡಾಕ್ಟರ್ ಹೇಳಿರುತ್ತಾರೆ, ಆದರೆ ಮಂಚದ ಸುತ್ತ ನಿಂತವರು ಗುಣವಾಗಲಿ, ಗುಣವಾಗಲಿ ಅಂತ ಅದೊಂದೇ ಪ್ರಾರ್ಥನೆ ಮಾಡುತ್ತಾರೆ, ಕೊನೇ ಉಸಿರಿನ ತನಕ, ಜೋರಾಗಿ. ಸಾಯುತ್ತಿರುವವರಿಗೆ ತಮಗೆ ಏನಾಗುತ್ತಿದೆ ಅಂತ ಗೊತ್ತಿರುತ್ತದೆ. ಮಗಳ ಹತ್ತಿರ ಏನೋ ಹೇಳಬೇಕಿರುತ್ತದೆ. ತಮ್ಮನ ಜೊತೆ ಹೊಲದ ಜಗಳ ಇರುತ್ತದೆ, ಅದು ಮುಗಿಸಬೇಕಿರುತ್ತದೆ. ಹೇಳಲು ಯಾರೂ ಬಿಡುವುದಿಲ್ಲ. ಹಾಗೆ ಹೇಳಿದರೆ ಅಪನಂಬಿಕೆ ಅಂತೆ. ಒಬ್ಬ ಅಜ್ಜ ನನ್ನ ಕೈ ಹಿಡಿದು, "ಸಿಸ್ಟರ್, ಇವರನ್ನು ಸ್ವಲ್ಪ ಹೊರಗೆ ಕಳಿಸಿ, ನನಗೆ ಸಾಯಬೇಕು" ಅಂದಿದ್ದರು.

ಗುಣವಾಗಲಿ ಅಂತ ನಾನೂ ಪ್ರಾರ್ಥಿಸುತ್ತೇನೆ. ಆದರೆ ಲಾಜರನೂ ಮತ್ತೆ ಸತ್ತ, ಅಲ್ವಾ? ಎದ್ದು ಬಂದವನು ಇವತ್ತಿಗೂ ತನ್ನ ಊರು ಬೇಥಾನ್ಯದಲ್ಲಿ ತಿರುಗಾಡುತ್ತಿಲ್ಲ. ಅವನಿಗೆ ಸಿಕ್ಕಿದ್ದು ಇನ್ನಷ್ಟು ವರ್ಷ. ನಮಗೆ ಮಾತು ಕೊಟ್ಟಿರುವುದು ಅದಲ್ಲ, ಮತ್ತೆ ಸಾಯದ ಜೀವ. ಅದನ್ನು ನಿಜವಾಗಿ ನಂಬಿದವರು ಸಾವಿನ ಬಗ್ಗೆ ಮಾತಾಡಲು ಯಾಕೆ ಇಷ್ಟು ಅಂಜುತ್ತಾರೆ ಅಂತ ನನಗೆ ಇನ್ನೂ ತಿಳಿದಿಲ್ಲ.

ರೈಲ್ವೆ ಕ್ಯಾಥೊಲಿಕ್

ಸಿಸ್ಟರ್ ಹೇಳಿದ್ದು ನೂರಕ್ಕೆ ನೂರು. ನಮ್ಮಲ್ಲಿ ಫಾದರ್ ಬಂದು ತೈಲ ಹಚ್ಚಿ, ಪಾಪನಿವೇದನೆ ಕೇಳಿ, ಪ್ರಸಾದ ಕೊಡುತ್ತಾರೆ. ಪೇಷಂಟ್‌ಗೂ ಮನೆಯವರಿಗೂ ಒಂದು ದಾರಿ ಸಿಗುತ್ತದೆ. ಅದಕ್ಕೂ ಎಷ್ಟೋ ಮನೆಯವರು ಫಾದರನ್ನು ಕರೆಯಲು ತಡ ಮಾಡುತ್ತಾರೆ, ನೋಡಿದರೆ ಹೆದರುತ್ತಾರೆ ಅಂತ.

ಕೇಶ್ವಾಪುರದ ತಂಗಿಗೆ ಒಂದು ಕಥೆ. ಸಂತ ಅಗಸ್ತೀನರ ತಾಯಿ ಮೋನಿಕಾ 387ರಲ್ಲಿ ಇಟಲಿಯ ಓಸ್ತಿಯಾ ಬಂದರಿನಲ್ಲಿ ತೀರಿಹೋದರು, ಊರಿಗೆ ಅಂದರೆ ಆಫ್ರಿಕಾಕ್ಕೆ ಹಡಗು ಹತ್ತುವ ಮೊದಲೇ. ಜೀವ ಹೋದ ಕೂಡಲೇ ಅಗಸ್ತೀನರ ಮಗ, ಇನ್ನೂ ಹುಡುಗ, ಗಟ್ಟಿಯಾಗಿ ಅತ್ತ. ದೊಡ್ಡವರೆಲ್ಲಾ ಸೇರಿ ಅವನನ್ನು ಸುಮ್ಮನಿರಿಸಿದರು. ಥೇಟ್ ನಿಮ್ಮ ಮನೆಯಲ್ಲಿ ಆದ ಹಾಗೆ! ಅಗಸ್ತೀನರೂ ಕಣ್ಣೀರು ತಡೆದುಕೊಂಡರು. ಮಣ್ಣು ಮಾಡುವಾಗಲೂ ಅಳಲಿಲ್ಲ. ಸ್ನಾನ ಮಾಡಿದರೆ ದುಃಖ ಇಳಿಯುತ್ತದೆ ಅಂತ ಯಾರೋ ಹೇಳಿದ್ದಕ್ಕೆ ಹೋಗಿ ಸ್ನಾನವನ್ನೂ ಮಾಡಿದರು, ಏನೂ ಇಳಿಯಲಿಲ್ಲ. ಕೊನೆಗೆ ಒಬ್ಬರೇ ಇದ್ದಾಗ ಕಟ್ಟೆ ಒಡೆಯಿತು. ತಾಯಿಗಾಗಿ ಸ್ವಲ್ಪ ಹೊತ್ತು ಅತ್ತೆ, ಇದನ್ನು ಓದಿ ಯಾರೂ ನಗಬೇಡಿ ಅಂತ ತಮ್ಮ ಪುಸ್ತಕದಲ್ಲೇ ಬರೆದಿದ್ದಾರೆ. ಅಷ್ಟು ದೊಡ್ಡ ಪಂಡಿತರು!

ಇನ್ನೊಂದು. ಸಾಯುವ ಮೊದಲು ಮೋನಿಕಾ ಹೇಳಿದ್ದು, ನನ್ನ ದೇಹವನ್ನು ಎಲ್ಲಾದರೂ ಹೂಳಿ, ಚಿಂತೆ ಮಾಡಬೇಡಿ, ನೀವು ಎಲ್ಲೇ ಇದ್ದರೂ ದೇವರ ಪೀಠದ ಹತ್ತಿರ ನನ್ನನ್ನು ನೆನೆಯಿರಿ ಅಂತ. ಅದಕ್ಕೇ ನಾವು ನವೆಂಬರ್ 2ಕ್ಕೆ ಸ್ಮಶಾನಕ್ಕೆ ಹೋಗುತ್ತೇವೆ, ಗೋರಿ ತೊಳೆದು, ಹೂವು ಇಟ್ಟು, ಮೇಣಬತ್ತಿ ಹಚ್ಚಿ ಸತ್ತವರಿಗಾಗಿ ಪ್ರಾರ್ಥನೆ ಮಾಡುತ್ತೇವೆ. ನಿಮ್ಮ ತಂದೆಗಾಗಿಯೂ ಮಾಡುತ್ತೇನೆ.

ಬೆಟಗೇರಿ ಮಾಸ್ತರ

ಪ್ರಾರ್ಥನೆಯ ವಿಷಯದಲ್ಲಿ ನಿಮ್ಮದು ನಮ್ಮದು ಕೂಡುವುದಿಲ್ಲ, ಅದು ನಿಮಗೂ ಗೊತ್ತು. ನೀವು 2 ಮಕ್ಕಬಿಯರ 12 ತೋರಿಸುತ್ತೀರಿ, ಆ ಪುಸ್ತಕ ನಮ್ಮ ಬೈಬಲ್ಲಿನಲ್ಲಿ ಇಲ್ಲ. ಸತ್ತವರು ದೇವರ ಕೈಯಲ್ಲಿದ್ದಾರೆ, ನಾವು ಸೇರಿಸುವುದು ಏನೂ ಉಳಿದಿಲ್ಲ ಅನ್ನುವುದು ನಮ್ಮ ಕಡೆಯ ಮಾತು. ಆದರೆ ನಮ್ಮವರೂ ಈಸ್ಟರ್ ನಸುಕಿನಲ್ಲಿ ಸ್ಮಶಾನಕ್ಕೆ ಹೋಗುವುದು ಉಂಟು. 1732ರಲ್ಲಿ ಜರ್ಮನಿಯ ಹೆರ್ನ್‌ಹೂಟ್ ಎಂಬ ಸಣ್ಣ ಊರಿನಲ್ಲಿ ಮೊರಾವಿಯನ್ ಸಭೆಯ ಯುವಕರು ಬೆಳಗಾಗುವ ಮೊದಲು ಗುಡ್ಡದ ಮೇಲಿನ ಸ್ಮಶಾನಕ್ಕೆ ಹೋಗಿ ಗೋರಿಗಳ ನಡುವೆ ಹಾಡಿದರು. ಅದು ಆಮೇಲೆ ಎಷ್ಟೋ ದೇಶಕ್ಕೆ ಹಬ್ಬಿತು. ಕತ್ತಲಲ್ಲಿ ಹೋಗಿ ಬೆಳಕಾಗುವುದನ್ನು ಕಾಯುವುದು. ನನಗೆ ಇಡೀ ವರ್ಷದಲ್ಲಿ ಅದೇ ದೊಡ್ಡ ಆರಾಧನೆ. ಈಗ ಅಲ್ಲಿಗೂ ಧ್ವನಿವರ್ಧಕ, ಕೀಬೋರ್ಡ್ ಎಲ್ಲಾ ಬಂದಿದೆ. ಸತ್ತವರು ಅಂದೇ ಎದ್ದುಬಿಡಬೇಕು, ಅಷ್ಟು ಸದ್ದು.

ಸಾಕ್ಷಿ ಹುಡುಗ

ಕೀಬೋರ್ಡ್ ನಾನೇ ಬಾರಿಸೋದು ಮಾಸ್ತರ್ 😄

ಸಾಧನಕೇರಿ ನೆರೆಯವ

ನಾನು ಲಿಂಗಾಯತ, ಈ ಗುಂಪಿನಲ್ಲಿ ಓದುವವನು ಮಾತ್ರ. ನಮ್ಮ ಓಣಿಯಲ್ಲಿ ನಿಮ್ಮವರ ಮಣ್ಣಿಗೆ ಎಷ್ಟೋ ಸಲ ಹೋಗಿದ್ದೇನೆ. ತಪ್ಪು ತಿಳಿಯದಿದ್ದರೆ ಒಂದು ಪ್ರಶ್ನೆ. ನಮ್ಮಲ್ಲೂ ಸುಡುವುದಿಲ್ಲ, ಮಣ್ಣು ಮಾಡುವುದೇ. ಕೂತ ಭಂಗಿಯಲ್ಲಿ, ಕೈಯಲ್ಲಿ ಇಷ್ಟಲಿಂಗ ಇಟ್ಟು, ವಿಭೂತಿ ಹಾಕಿ. ಲಿಂಗೈಕ್ಯ ಆದರು ಅನ್ನುತ್ತೇವೆ. ಶರಣರು ಮರಣವೇ ಮಹಾನವಮಿ ಅಂದರು, ಅಂದರೆ ಸಾವಿಗೆ ಅಂಜುವುದಿಲ್ಲ. ಅಲ್ಲಿಗೆ ಮುಗಿಯಿತು, ದೇಹದ ಕೆಲಸ ತೀರಿತು. ನೀವೂ ಹೂಳುತ್ತೀರಿ, ಆದರೆ ಈ ದೇಹವೇ ಮತ್ತೆ ಏಳುತ್ತದೆ ಅನ್ನುತ್ತೀರಿ. ದೇವರಲ್ಲಿ ಒಂದಾದ ಮೇಲೆ ಮತ್ತೆ ಈ ಮೈ ಯಾಕೆ ಬೇಕು? ಸಕ್ಕರೆ ಕಾಯಿಲೆ, ಮೊಣಕಾಲು ನೋವು ಎಲ್ಲಾ ಮತ್ತೆ ಶುರುವಾ?

ನವಲಗುಂದ ಎರೆಹೊಲ

ಸಾಹೇಬರ ಪ್ರಶ್ನೆ ಛಲೋ ಐತಿ. ಇದೇ ಪ್ರಶ್ನೆಯನ್ನು ಕೊರಿಂಥ ಊರಿನ ಸಭೆಯವರು ಪೌಲನಿಗೆ ಕೇಳಿದ್ದರು, ಸತ್ತವರು ಎಂಥಾ ದೇಹದಿಂದ ಬರುತ್ತಾರೆ ಅಂತ. ಅವನು ಬೀಜದ ಮಾತು ಹೇಳಿದ. ನಾನು ಓದಿದ್ದು ಕಡಿಮೆ, ಆದರೆ ಅದನ್ನು ವರ್ಷಾ ವರ್ಷಾ ಕೈಯಾರೆ ಮಾಡುತ್ತೇನೆ.

ನಮ್ಮದು ಎರೆ ಹೊಲ. ಹಿಂಗಾರಿ ಜೋಳ ಬಿತ್ತುವಾಗ ಮಳೆ ಹಿಂದೆ ಸರಿದಿರುತ್ತದೆ, ಒಳಗಿನ ಹಸಿ ನಂಬಿಕೊಂಡೇ ಕೂರಿಗೆ ಹೂಡಬೇಕು. ಕಾಳು ಒಳಗೆ ಬಿತ್ತು, ಮಣ್ಣು ಮುಚ್ಚಿತು. ಇನ್ನು ಕೆದರಿ ನೋಡಿದರೆ ಕೆಟ್ಟಿತು, ನೋಡಲಾರೆ. ಆಮೇಲೆ ಎದ್ದು ಬರುವುದು ನಾನು ಹಾಕಿದ ಕಾಳಿನ ಹಾಗೆ ಇರುತ್ತದಾ? ಆಳೆತ್ತರದ ದಂಟು, ಎಲೆ, ತೆನೆ. ಆ ಕಾಳನ್ನು ಅಂಗೈಯಲ್ಲಿ ಇಟ್ಟುಕೊಂಡು ಇದರಲ್ಲಿ ಇಷ್ಟೆಲ್ಲಾ ಐತಿ ಅಂತ ಹೊಲ ಕಾಣದವರಿಗೆ ಹೇಳಿದರೆ ನಂಬುವುದಿಲ್ಲ. ಆದರೂ ಜೋಳ ಹಾಕಿದಲ್ಲಿ ಕಡಲಿ ಬಂದದ್ದಿಲ್ಲ. ಬಿದ್ದದ್ದೇ ಏಳುತ್ತದೆ, ಬಿದ್ದ ಹಾಗೆ ಏಳುವುದಿಲ್ಲ. ಮೊಣಕಾಲು ನೋವು ಮಣ್ಣಲ್ಲೇ ಉಳೀತದರೀ ಸಾಹೇಬರ.

ನಿಮ್ಮಲ್ಲಿ ಹನಿ ಹೋಗಿ ಹೊಳೆ ಸೇರಿದ ಹಾಗೆ ಒಂದಾಗುವುದು ದೊಡ್ಡದು. ನಮ್ಮಲ್ಲಿ ನನ್ನ ತಮ್ಮ ನನ್ನ ತಮ್ಮನಾಗಿಯೇ ಸಿಗಬೇಕು ಅನ್ನುವುದು. ಯೇಸು ಎದ್ದು ಬಂದಾಗ ಕೈಯಲ್ಲಿ ಮೊಳೆಯ ಗಾಯ ಇತ್ತು, ತೋಮನಿಗೆ ತೋರಿಸಿದ. ಸುಟ್ಟ ಮೀನು ತಿಂದ. ಮಗ್ದಲದ ಮರಿಯಳಿಗೆ ಮೊದಲು ಗುರುತೇ ಸಿಗಲಿಲ್ಲ, ತೋಟಗಾರ ಅಂದುಕೊಂಡಳು, ಹೆಸರು ಹಿಡಿದು ಕರೆದಾಗ ತಿಳಿಯಿತು. ಹೆಸರು ಉಳಿಯುತ್ತದೆ, ನೋಡಿ. ನನಗೆ ಅಷ್ಟು ಸಾಕು.

ಸಾಧನಕೇರಿ ನೆರೆಯವ

ತಿಳಿಯಿತು. ಒಪ್ಪುತ್ತೇನೆ ಅಂತಲ್ಲ, ಆದರೆ ನೀವು ಏನು ಹೇಳುತ್ತೀರಿ ಅಂತ ಇವತ್ತು ಮೊದಲ ಸಲ ತಿಳಿಯಿತು. ಮಣ್ಣಿನಲ್ಲಿ ಕೇಳಿದ ಉಪದೇಶಗಳಲ್ಲಿ ಯಾರೂ ಇದನ್ನು ಹೇಳಿರಲಿಲ್ಲ. ಆತ್ಮ ಸ್ವರ್ಗಕ್ಕೆ ಹೋಯಿತು ಅಂತಲೇ ಹೇಳುತ್ತಿದ್ದರು.

ಸಂಶಯದವ

ಜೋಳದ ಮಾತು ಚೆಂದ ಇದೆ. ಆದರೆ ಜೋಳದ ಕಾಳು ಸತ್ತಿರುವುದಿಲ್ಲ. ಅದು ಜೀವಂತ ಬೀಜ. ಹುರಿದ ಜೋಳ ಬಿತ್ತಿ ನೋಡಿ.

ನಾನೂ ಕ್ರೈಸ್ತ ಮನೆಯವನೇ, ಭಾನುವಾರ ಶಾಲೆಯಲ್ಲಿ ಬಹುಮಾನ ತೆಗೆದುಕೊಂಡವನು. ನನ್ನ ತಮ್ಮ ಬೈಕ್ ಅಪಘಾತದಲ್ಲಿ ಹೋದ. ದೇವರ ಚಿತ್ತ ಅಂದರು. ದೇವರಿಗೆ ಅವನು ಬೇಕಾಗಿದ್ದ ಅಂದರು. ಕುಡಿದು ಲಾರಿ ಹೊಡೆದವನ ಚಿತ್ತ ಅದು, ದೇವರ ತಲೆಗೆ ಯಾಕೆ ಕಟ್ಟುತ್ತೀರಿ ಅಂತ ಕೂಗಿದ್ದೆ. ಅವತ್ತಿನಿಂದ ಚರ್ಚಿನ ಒಳಗೆ ಹೋಗಿಲ್ಲ.

ಯೇಸುವಿನ ಗೋರಿ ಖಾಲಿ ಇತ್ತು ಅನ್ನುವ ಕಥೆಯನ್ನೇ ತೆಗೆದುಕೊಳ್ಳಿ. ಮತ್ತಾಯನ ಸುವಾರ್ತೆಯಲ್ಲಿ ಇಬ್ಬರು ಹೆಂಗಸರು ಹೋದರು, ಮಾರ್ಕನಲ್ಲಿ ಮೂವರು, ಯೋಹಾನನಲ್ಲಿ ಒಬ್ಬಳೇ. ಮಾರ್ಕನ ಅತಿ ಹಳೆಯ ಪ್ರತಿಗಳು 16:8ಕ್ಕೇ ನಿಲ್ಲುತ್ತವೆ, ಹೆಂಗಸರು ಹೆದರಿ ಓಡಿದರು, ಯಾರಿಗೂ ಹೇಳಲಿಲ್ಲ ಅಂತ. ಮುಂದಿನ ಸಾಲುಗಳು ಆಮೇಲೆ ಸೇರಿದವು. ಇಷ್ಟು ಸಡಿಲ ಇರುವುದರ ಮೇಲೆ ಅಕ್ಕ ತನ್ನ ಅವ್ವನಿಗೆ ಹೇಗೆ ಧೈರ್ಯ ಹೇಳಬೇಕು? ಸತ್ತರು, ಚೆನ್ನಾಗಿ ಬದುಕಿದ್ದರು, ನೆನಪು ಇದೆ. ಇಷ್ಟು ಹೇಳಿದರೆ ಸಾಲದಾ?

ಪಾಸ್ಟರ್ ಮನೆ ಹುಡುಗಿ (ರಾಣೇಬೆನ್ನೂರು)

ಅಣ್ಣಾ, ದೇವರಿಗೆ ಬೇಕಾಗಿದ್ದ ಅನ್ನುವ ಮಾತಿನ ಬಗ್ಗೆ ನಿಮ್ಮ ಕಡೆಯೇ ನಾನು. ಪೌಲ ಮರಣವನ್ನು ಕೊನೆಯ ಶತ್ರು ಅಂತ ಕರೆಯುತ್ತಾನೆ, 1 ಕೊರಿಂಥ 15ರಲ್ಲಿ. ದೇವರ ಆಳು ಅಂತ ಕರೆಯುವುದಿಲ್ಲ. ಶತ್ರು ಮಾಡಿದ್ದನ್ನು ದೇವರ ಕೆಲಸ ಅಂತ ಹೇಳಿ ಸಮಾಧಾನ ಮಾಡುವುದು ನಮ್ಮಲ್ಲಿ ಬೇರೂರಿಬಿಟ್ಟಿದೆ. ನಮ್ಮ ಅಪ್ಪನೂ ಅದನ್ನು ಸಾವಿನ ಮನೆಯಲ್ಲಿ ಹೇಳುತ್ತಿದ್ದರು, ಈಗ ಬಿಟ್ಟಿದ್ದಾರೆ, ಮನೆಯಲ್ಲಿ ನಾನು ದೊಡ್ಡ ಜಗಳ ಮಾಡಿದ ಮೇಲೆ.

ಹೆಂಗಸರ ಲೆಕ್ಕ ಬೇರೆ ಬೇರೆ ಇದೆ, ನಿಜ. ಮಾರ್ಕನ ಮಾತೂ ನಿಜ, ನಾಲ್ಕನೇ ಶತಮಾನದ ಎರಡು ದೊಡ್ಡ ಪ್ರತಿಗಳು ಅಲ್ಲಿಗೇ ನಿಲ್ಲುತ್ತವೆ. ಆದರೆ ನಾಲ್ಕೂ ಪುಸ್ತಕಗಳಲ್ಲಿ ಮೊದಲು ಹೋದವರು ಹೆಂಗಸರೇ, ಮಗ್ದಲದ ಮರಿಯ ನಾಲ್ಕರಲ್ಲೂ ಇದ್ದಾಳೆ. ಆ ಕಾಲದ ಯೆಹೂದಿ ಸಮಾಜದಲ್ಲಿ ಹೆಂಗಸರ ಸಾಕ್ಷಿಗೆ ಬೆಲೆ ಇರಲಿಲ್ಲ. ಹೆಂಗಸರ ಸಾಕ್ಷಿ ತೆಗೆದುಕೊಳ್ಳಬಾರದು ಅಂತ ಯೊಸೇಫಸ್ ಎಂಬ ಯೆಹೂದಿ ಇತಿಹಾಸಕಾರ ಸೀದಾ ಬರೆದಿದ್ದಾನೆ. ಕಥೆ ಕಟ್ಟುವವರು ಮುಖ್ಯ ಶಿಷ್ಯ ಪೇತ್ರನನ್ನು ಮೊದಲು ಕಳಿಸುತ್ತಿದ್ದರು. ಶಿಷ್ಯರೇ ಆ ಹೆಂಗಸರ ಮಾತನ್ನು ಹರಟೆ ಅಂದುಕೊಂಡರು ಅಂತ ಲೂಕ 24ರಲ್ಲಿ ಇದೆ. ಪೌಲನ ಆ ಪತ್ರ 55ನೇ ಇಸವಿಯ ಸುಮಾರಿಗೆ ಬರೆದದ್ದು, ಯೇಸು ಸತ್ತು ಇಪ್ಪತ್ತೈದು ವರ್ಷ ಆಗಿರಬಹುದು ಅಷ್ಟೇ. ಎದ್ದ ಯೇಸುವನ್ನು ಐನೂರಕ್ಕಿಂತ ಹೆಚ್ಚು ಜನ ನೋಡಿದರು, ಬಹಳಷ್ಟು ಜನ ಇನ್ನೂ ಬದುಕಿದ್ದಾರೆ ಅಂತ ಬರೆಯುತ್ತಾನೆ. ಬೇಕಾದರೆ ಹೋಗಿ ಕೇಳಿ ಅಂದ ಹಾಗೆ.

ಇದರಿಂದ ನಿಮಗೆ ನಂಬಿಕೆ ಬರಬೇಕು ಅಂತ ನಾನು ಹಟ ಹಿಡಿದಿಲ್ಲ. ಸಡಿಲ ಅನ್ನುವ ಮಾತಿಗೆ ಮಾತ್ರ ಉತ್ತರ.

ಸಂಶಯದವ

ಉತ್ತರ ಚೆನ್ನಾಗಿದೆ. ನೋಡಿದವರು ನಂಬಿದ್ದರು ಅನ್ನುವುದನ್ನು ಒಪ್ಪುತ್ತೇನೆ. ನಂಬಿದ್ದೆಲ್ಲಾ ನಡೆದಿತ್ತು ಅಂತ ಆಗುವುದಿಲ್ಲ. ಆದರೆ ಕೊನೆಯ ಶತ್ರು ಅಂತ ನನ್ನ ತಮ್ಮನ ಮಣ್ಣಿನಲ್ಲಿ ಒಬ್ಬರಾದರೂ ಅಂದಿದ್ದರೆ ನಾನು ಇನ್ನೂ ಸ್ವಲ್ಪ ಹೊತ್ತು ಅಲ್ಲಿ ನಿಲ್ಲುತ್ತಿದ್ದೆ.

ಕೇಶ್ವಾಪುರದ ಮಗಳು

ಎಲ್ಲರಿಗೂ ಥ್ಯಾಂಕ್ಸ್. ದಾವೀದನ ಹಾಡನ್ನು ಅವ್ವನಿಗೆ ಓದಿ ಹೇಳಿದೆ. ಗೊತ್ತಾಯಿತು ಬಿಡು ಅಂದಳು, ಆಮೇಲೆ ಅಡುಗೆ ಮನೆಗೆ ಹೋಗಿ ಬಹಳ ಹೊತ್ತು ಅತ್ತಳು. ನಾನು ಒಳಗೆ ಹೋಗಲಿಲ್ಲ.

ಉಳಿದ ಎರಡಕ್ಕೆ ಬನ್ನಿ, ಕೀಬೋರ್ಡ್ ಜಗಳ ಆಮೇಲೆ. ಅಪ್ಪ ಈಗ ಎಲ್ಲಿ? ಮತ್ತೆ ಸುಡುವ ವಿಷಯ. ಇನ್ನೂ ಒಂದಿದೆ, ಕೇಳಲೋ ಬೇಡವೋ ಅಂತ ಇದ್ದೆ. ನಮ್ಮ ಮುತ್ತಜ್ಜಿ ದೀಕ್ಷಾಸ್ನಾನ ಆಗದೇ ಸತ್ತವಳು, ಎಲ್ಲಮ್ಮನ ಭಕ್ತೆ. ಅವ್ವನಿಗೆ ಅವಳ ಮೇಲೆ ಬಹಳ ಜೀವ. ಅವಳು ಸಿಗುತ್ತಾಳಾ ಅಂತ ಅವ್ವನ ಮನಸ್ಸಿನಲ್ಲಿ ಇದೆ, ಬಾಯಿಬಿಟ್ಟು ಕೇಳುವುದಿಲ್ಲ.

ಬೆಟಗೇರಿ ಮಾಸ್ತರ

ಅಪ್ಪ ಎಲ್ಲಿ ಅನ್ನುವ ಪ್ರಶ್ನೆಯನ್ನು ಥೆಸಲೊನೀಕ ಊರಿನ ಸಭೆಯವರು ಎಲ್ಲರಿಗಿಂತ ಮೊದಲು ಕೇಳಿದರು. ಅವರಲ್ಲಿ ಕೆಲವರು ಸತ್ತುಹೋದರು, ಯೇಸು ಬರುವಾಗ ಅವರಿಗೆ ಪಾಲು ತಪ್ಪಿಹೋಗುತ್ತದೇನೋ ಅಂತ ಉಳಿದವರಿಗೆ ಭಯ. ಪೌಲ ನಕ್ಷೆ ಬಿಡಿಸಲಿಲ್ಲ. ಸತ್ತವರು ಮೊದಲು ಏಳುತ್ತಾರೆ, ನಾವು ಅವರ ಜೊತೆ ಸೇರುತ್ತೇವೆ, ಒಟ್ಟಿಗೆ ಕರ್ತನ ಹತ್ತಿರ ಇರುತ್ತೇವೆ ಅಂದ. ಅಷ್ಟೇ.

ನಡುವಿನ ಕಾಲದ ಬಗ್ಗೆ ನಮ್ಮ ದೊಡ್ಡವರೇ ಒಂದು ಮಾತಿನಲ್ಲಿ ಇಲ್ಲ. ಸತ್ತವರು ಗಾಢ ನಿದ್ರೆಯಲ್ಲಿದ್ದಾರೆ ಅಂತ ಲೂಥರ್ ಅನೇಕ ಸಲ ಮಾತಾಡಿದ್ದಾನೆ. ಕ್ಯಾಲ್ವಿನ್ ಇನ್ನೂ ತರುಣ ಇದ್ದಾಗ, 1534ರಲ್ಲಿ, ಆತ್ಮ ನಿದ್ರಿಸುವುದಿಲ್ಲ, ಎಚ್ಚರವಾಗಿ ದೇವರ ಬಳಿ ಇರುತ್ತದೆ ಅಂತ ಒಂದು ಪುಸ್ತಕವನ್ನೇ ಬರೆದ. ಪಕ್ಕದ ಶಿಲುಬೆಯ ಕಳ್ಳನಿಗೆ ಯೇಸು ಈ ಹೊತ್ತೇ ನನ್ನ ಸಂಗಡ ಪರದೈಸಿನಲ್ಲಿರುವಿ ಅಂದದ್ದು ಕ್ಯಾಲ್ವಿನ್‌ಗೆ ಬಲ. ನಾನು ಆ ಕಡೆ ವಾಲುತ್ತೇನೆ. ಆದರೆ ಎರಡೂ ಕಡೆಯವರು ಒಪ್ಪುವ ಮಾತು ಇದು: ಈಗಿನದು ಕೊನೆಯ ನಿಲ್ದಾಣ ಅಲ್ಲ. ಬೈಬಲ್ಲಿನ ಕೊನೆಯ ಪುಸ್ತಕ ಪ್ರಕಟನೆ 6ರಲ್ಲಿ ಹತರಾದವರ ಆತ್ಮಗಳು ದೇವರನ್ನೇ ಇನ್ನೆಷ್ಟು ದಿನ ಅಂತ ಕೇಳುತ್ತವೆ. ಅವರೂ ಕಾಯುತ್ತಿದ್ದಾರೆ, ನಾವೂ ಕಾಯುತ್ತಿದ್ದೇವೆ. ಅವ್ವನಿಗೆ ಅಪ್ಪ ಕರ್ತನ ಹತ್ತಿರ ಇದ್ದಾರೆ, ಕಾಯುತ್ತಿದ್ದಾರೆ ಅಂತ ಹೇಳಿ. ಅದು ಸುಳ್ಳಲ್ಲ.

ಸುಡುವುದಕ್ಕೆ ಬಂದರೆ, 177ರಲ್ಲಿ ಈಗಿನ ಫ್ರಾನ್ಸಿನ ಲಿಯಾನ್ ಊರಿನಲ್ಲಿ ಕ್ರೈಸ್ತರನ್ನು ಕೊಂದರು. ಆರು ದಿನ ಹೆಣಗಳನ್ನು ಬಯಲಲ್ಲಿ ಬಿಟ್ಟರು, ಆಮೇಲೆ ಸುಟ್ಟು ಬೂದಿಯನ್ನು ರೋನ್ ನದಿಗೆ ಗುಡಿಸಿ ಹಾಕಿದರು. ಯಾಕೆ ಗೊತ್ತಾ? ಪುನರುತ್ಥಾನ ಪುನರುತ್ಥಾನ ಅನ್ನುತ್ತಾರಲ್ಲ, ಈಗ ಏಳಲಿ ನೋಡೋಣ ಅಂತ. ಅಲ್ಲಿ ಉಳಿದ ಕ್ರೈಸ್ತರೇ ಬರೆದ ಪತ್ರ ಇದು, ಯೂಸೇಬಿಯಸ್ ತನ್ನ ಸಭಾ ಚರಿತ್ರೆಯಲ್ಲಿ ಉಳಿಸಿಕೊಟ್ಟಿದ್ದಾನೆ. ಆ ಬೂದಿಯಾದವರನ್ನು ಸಭೆ ಇವತ್ತಿಗೂ ಹುತಾತ್ಮರು ಅಂತ ನೆನೆಯುತ್ತದೆ. ಅವರು ಏಳುವುದಿಲ್ಲ ಅಂತ ಯಾರೂ ಹೇಳಿಲ್ಲ. ಸಮುದ್ರದಲ್ಲಿ ಮುಳುಗಿದವರಿದ್ದಾರೆ, ಹುಲಿ ತಿಂದವರಿದ್ದಾರೆ. ಮಣ್ಣಿನಿಂದ ಆದಾಮನನ್ನು ಮಾಡಿದವನಿಗೆ ಬೂದಿ ಯಾವ ಕಷ್ಟ?

ಆದರೂ ನನ್ನ ಮನಸ್ಸು ಹೂಳುವ ಕಡೆಗೇ. ಕಾರಣ ಭಯ ಅಲ್ಲ, ಅಭ್ಯಾಸ ಮತ್ತು ಮರ್ಯಾದೆ. ಹೋಗಿ ನಿಲ್ಲಲಿಕ್ಕೆ ಒಂದು ಜಾಗ ಇರುತ್ತದೆ. ಅಜ್ಜನ ಗೋರಿಯಲ್ಲಿ ಅಪ್ಪನನ್ನು ಇಟ್ಟಿದ್ದಕ್ಕೆ ಅಣ್ಣ ಯಾಕೆ ಬೇಜಾರು ಮಾಡಿಕೊಂಡ? ನನಗಂತೂ ನಮ್ಮಪ್ಪನ ಮೇಲೆ ಮಲಗುವುದು ಖುಷಿಯೇ.

ರೈಲ್ವೆ ಕ್ಯಾಥೊಲಿಕ್

ನಮ್ಮ ಸಭೆಯಲ್ಲಿ 1963ರಲ್ಲೇ ಸುಡಲು ಅನುಮತಿ ಬಂತು. ಪುನರುತ್ಥಾನ ಒಪ್ಪುವುದಿಲ್ಲ ಅಂತ ತೋರಿಸಲು ಸುಡುವಂತಿಲ್ಲ, ಅಷ್ಟೇ ಷರತ್ತು. 2016ರಲ್ಲಿ ರೋಮಿನಿಂದ ಇನ್ನೊಂದು ಸೂಚನೆ ಬಂತು. ಹೂಳುವುದೇ ಒಳ್ಳೆಯದು, ಸುಟ್ಟರೆ ಬೂದಿಯನ್ನು ಹೊಳೆಗೆ ಬಿಡುವುದು, ಗಾಳಿಗೆ ಚೆಲ್ಲುವುದು ಬೇಡ, ಮನೆಯ ಕಪಾಟಿನಲ್ಲಿ ಇಡುವುದೂ ಬೇಡ, ಸ್ಮಶಾನದಂಥ ಪವಿತ್ರ ಜಾಗದಲ್ಲಿ ಇಡಿ ಅಂತ. ನಿಮ್ಮ ಅಣ್ಣನಿಗೆ ಜಾಗದ್ದೇ ಚಿಂತೆ ಆದರೆ ಬೂದಿಗೆ ಒಂದು ಅಡಿ ಜಾಗ ಸಾಕು, ಅಜ್ಜನ ಹತ್ತಿರವೇ ಇಡಬಹುದು. ನಿಮ್ಮ ಸಭೆಯ ನಿಯಮ ಏನಿದೆ, ಅಯ್ಯನವರನ್ನು ಕೇಳಿ.

ಮುತ್ತಜ್ಜಿಯ ಬಗ್ಗೆ. ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಹೇಳಿದ ಮಾತು ಇದೆ. ತಮ್ಮ ತಪ್ಪಿಲ್ಲದೆ ಸುವಾರ್ತೆ ತಿಳಿಯದೇ ಇದ್ದವರು, ಮನಸ್ಸಾಕ್ಷಿಯ ಮಾತು ಕೇಳಿ ದೇವರನ್ನು ಪ್ರಾಮಾಣಿಕವಾಗಿ ಹುಡುಕಿದವರು, ಅವರಿಗೂ ರಕ್ಷಣೆ ಸಿಗಬಹುದು ಅಂತ. ಅವ್ವನಿಗೆ ಹೇಳಿ.

ಸಾಕ್ಷಿ ಹುಡುಗ

ಇದನ್ನು ನಾನು ಒಪ್ಪಲಾರೆ ಅಂಕಲ್. ಯೇಸು ನಾನೇ ಮಾರ್ಗ ಅಂದಿದ್ದಾನೆ. ಅಕ್ಕನ ಅವ್ವನಿಗೆ ನೋವಾಗಲಿ ಅಂತ ಹೇಳುತ್ತಿಲ್ಲ. ಆದರೆ ಎಲ್ಲರೂ ಹೇಗಿದ್ದರೂ ಸಿಗುತ್ತಾರೆ ಅಂದರೆ ಶಿಲುಬೆ ಯಾಕೆ ಬೇಕಿತ್ತು?

ಪಾಸ್ಟರ್ ಮನೆ ಹುಡುಗಿ (ರಾಣೇಬೆನ್ನೂರು)

ಎಲ್ಲರೂ ಸಿಗುತ್ತಾರೆ ಅಂತ ಯಾರೂ ಹೇಳಿಲ್ಲಪ್ಪಾ. ಯಾರು ಸಿಗುವುದಿಲ್ಲ ಅಂತ ಹೇಳುವ ಕುರ್ಚಿ ನಮ್ಮದಲ್ಲ, ಅಷ್ಟೇ. ಸೊದೋಮಿನ ಜನರಿಗಾಗಿ ಅಬ್ರಹಾಮ ದೇವರ ಹತ್ತಿರ ಚೌಕಾಸಿ ಮಾಡಿದಾಗ, ಸರ್ವಲೋಕಕ್ಕೆ ನ್ಯಾಯ ತೀರಿಸುವವನು ನ್ಯಾಯ ಮಾಡದೇ ಇರುತ್ತಾನಾ ಅಂತ ಕೇಳಿದ. ಮುತ್ತಜ್ಜಿಯನ್ನು ಆ ಕೈಗೆ ಬಿಡಬಹುದು. ನಮ್ಮ ಕೈಗಿಂತ ಅದು ಮೆತ್ತಗಿದೆ.

ಇದೇ ಹೊತ್ತಿನಲ್ಲಿ ಒಂದು ಸಿಟ್ಟು ಕಾರಿಕೊಳ್ಳುತ್ತೇನೆ. ಮಣ್ಣಿಗೆ ಬಂದ ನೆರೆಹೊರೆಯವರಿಗೆ, ಗೋರಿಯ ಪಕ್ಕದಲ್ಲಿ ನಿಲ್ಲಿಸಿಕೊಂಡು, ನೀವೂ ಹೀಗೇ ಒಂದು ದಿನ, ಆಮೇಲೆ ಬೆಂಕಿ ಅಂತ ಹೆದರಿಸುವ ಉಪದೇಶ ಇದೆಯಲ್ಲ, ಅದನ್ನು ನಿಲ್ಲಿಸಬೇಕು. ಆ ಜನ ಬಿಸಿಲಲ್ಲಿ ಹೆಣ ಹೊತ್ತಿದ್ದಾರೆ. ಒಲೆ ಹಚ್ಚದ ಮನೆಗೆ ರೊಟ್ಟಿ, ಪಲ್ಯ ತಂದುಕೊಟ್ಟಿದ್ದಾರೆ. ಅವರ ಮುಂದೆ ಹೇಳಬೇಕಾದದ್ದು ಪುನರುತ್ಥಾನ. ನವಲಗುಂದ ಕಾಕಾ ಮೇಲೆ ಹೇಳಿದ್ದನ್ನು ಎರಡು ನಿಮಿಷದಲ್ಲಿ ಹೇಳಿದ್ದರೆ ಸಾಧನಕೇರಿ ಅಣ್ಣನವರಿಗೆ ಇಷ್ಟು ವರ್ಷ ಬೇಕಾಗುತ್ತಿರಲಿಲ್ಲ.

ಸಾಧನಕೇರಿ ನೆರೆಯವ

ನಾನು ಇದನ್ನು ಹೇಳಿದರೆ ತಪ್ಪಾಗುತ್ತಿತ್ತು. ನೀವೇ ಹೇಳಿದಿರಿ.

ನೈಟ್ ಡ್ಯೂಟಿ ಸಿಸ್ಟರ್

ಕೇಶ್ವಾಪುರದ ತಂಗಿ, ನಲವತ್ತನೇ ದಿನದ ಕೂಟ ಇಡುತ್ತೀರಾ? ಮಾತಾಡಿಸಲು ಬರುವವರು ಅಲ್ಲಿಗೆ ನಿಲ್ಲುತ್ತಾರೆ. ಅದರ ಮರುವಾರವೇ ಅವ್ವನಿಗೆ ಜಾಸ್ತಿ ಭಾರ. ಆ ವಾರ ರಜೆ ಹಾಕಿ. ಅವರ ಬಿಪಿ ಗುಳಿಗೆ ನಡೆದಿದೆಯಾ ನೋಡಿ, ದುಃಖದಲ್ಲಿ ಮೊದಲು ತಪ್ಪುವುದು ಅದೇ.

ಕೇಶ್ವಾಪುರದ ಮಗಳು

ಇಡುತ್ತೇವೆ, ಮುಂದಿನ ಶನಿವಾರ ಸಂಜೆ. ಓಣಿಯವರೂ ಬರುತ್ತಾರೆ. ಯಾವ ಭಾಗ ಓದಿಸಲಿ? ಪಟ್ಟಿ ಬೇಡ ಅಂದವಳೇ ಕೇಳುತ್ತಿದ್ದೇನೆ 🙂

ಬೆಟಗೇರಿ ಮಾಸ್ತರ

90ನೇ ಕೀರ್ತನೆ. ಬೇರೆ ಮಾತೇ ಇಲ್ಲ.

ಪಾಸ್ಟರ್ ಮನೆ ಹುಡುಗಿ (ರಾಣೇಬೆನ್ನೂರು)

ಮಾಸ್ತರ್, 90 ಎಲ್ಲಾ ಕಡೆ ಓದುತ್ತಾರೆ, ಅರ್ಧ ಜನಕ್ಕೆ ಬಾಯಿಪಾಠ. ನನ್ನನ್ನು ಕೇಳಿದರೆ 88 ಓದಿ. ಕೀರ್ತನೆಗಳಲ್ಲಿ ಅಷ್ಟು ಕತ್ತಲಲ್ಲಿ ಮುಗಿಯುವುದು ಅದೊಂದೇ, ಕೊನೆಗೆ ಸಮಾಧಾನದ ಒಂದು ಸಾಲೂ ಇಲ್ಲ. ಅದೂ ಪ್ರಾರ್ಥನೆಯೇ ಅಂತ ಅವ್ವನಿಗೆ ತಿಳಿಯಲಿ. ಆಮೇಲೆ ಯೋಹಾನ 11, ಲಾಜರನ ಅಕ್ಕ ಮಾರ್ಥಳು ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಅಂತ ಯೇಸುವಿಗೇ ಎದುರು ಹೇಳುವಲ್ಲಿಂದ ಶುರು ಮಾಡಿ, "ನಾನೇ ಪುನರುತ್ಥಾನವೂ ಜೀವವೂ ಆಗಿದ್ದೇನೆ" ಅನ್ನುವುದನ್ನು ದಾಟಿ, ಅವನು ಅಳುವ ತನಕ. 1 ಕೊರಿಂಥ 15 ಇಡೀ ಓದಿಸಬೇಡಿ, 58 ವಚನ ಇವೆ. ಬೀಜದ ಭಾಗ ಸಾಕು, ನವಲಗುಂದ ಕಾಕಾ ಬರುವುದಾದರೆ ಅವರ ಕೈಲೇ ಓದಿಸಿ. ಹಾಡು ಎರಡು ಸಾಕು, ಒಂದು ಅವ್ವ ಹೇಳಿದ್ದು. ಕೀಬೋರ್ಡಿಗೆ ಸೌಂಡ್ ಕಡಿಮೆ. ಮಾತಾಡುವವರಿಗೆ ಹತ್ತು ನಿಮಿಷ ಅಂತ ಮೊದಲೇ ಖಡಕ್ ಆಗಿ ಹೇಳಿ, ನಮ್ಮ ಅಪ್ಪ ಬಂದರೂ ಅಷ್ಟೇ. ಓಣಿಯವರು ಕಾಯುತ್ತಾ ಕೂತಿರುತ್ತಾರೆ, ಊಟ ಆರಿಹೋಗುತ್ತದೆ.

ನವಲಗುಂದ ಎರೆಹೊಲ

ಶನಿವಾರ ಹುಬ್ಬಳ್ಳಿ ಎಪಿಎಂಸಿಗೆ ಬರೋದು ಐತಿ. ಬರ್ತೀನಿ. ಕನ್ನಡಕ ಮರೆತರೆ ಯಾರಾದರೂ ಓದಿಕೊಡಬೇಕು.